ಅಡುಗೆಮನೆಯಲ್ಲಿ ಹಾದುಹೋದ ಗೆರೆ

ನಿಯಮಗಳಿಗೆ ಹೆದರುವವರು ಅವನ್ನು ಓದದವರು. ಓದಿದವನಿಗೆ ಎಂಥ ಹೆದರಿಕೆ! ಇಪ್ಪತ್ತೆರಡು ವರ್ಷ ಅಂಚೆ ಕಚೇರಿಯಲ್ಲಿ ಕುಳಿತು, ಎರಡು ಗ್ರಾಂ ತೂಕ ಹೆಚ್ಚಾದ ಲಕೋಟೆಗಳನ್ನೆಲ್ಲ ಎದೆಯುಬ್ಬಿಸಿ ಹಿಂದಕ್ಕೆ ಕೊಟ್ಟ ಗಂಡಸು ನಾನು. ಹಾಗಾಗಿ ನಗರ ಯೋಜನಾ ಕಚೇರಿಯ ನೋಟೀಸು ಮನೆಗೆ ಬಂದಾಗ ಹೆಂಡತಿಯ ಮುಖ ಬಾಡಿತು, ನನ್ನದು ಅರಳಿತು.

ನೋಟೀಸಿನ ಸಾರ ಇಷ್ಟೆ: ನಿಮ್ಮ ಮನೆಯಲ್ಲಿ ಹೊಲಿಗೆ ವ್ಯಾಪಾರ ನಡೆಯುತ್ತಿದೆ; ವಲಯ ನಿಯಮಕ್ಕೆ ಅದು ಹೊಂದುತ್ತದೋ ಇಲ್ಲವೋ ನೋಡಲು ಶನಿವಾರ ಅಧಿಕಾರಿ ಬರುತ್ತಾರೆ. ಹೊಂದದಿದ್ದರೆ ಹೊಲಿಗೆ ಬಂದ್! ನನ್ನ ಹೆಂಡತಿ ಮುಂದಿನ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಹೊಲಿಯುತ್ತಿದ್ದಾಳೆ. ಆ ವಾರವಂತೂ ನಲವತ್ತು ಶಾಲಾ ಸಮವಸ್ತ್ರಗಳು ಅರ್ಧಂಬರ್ಧ ಹೊಲಿಸಿಕೊಂಡು ಕುರ್ಚಿ, ಮಂಚ, ಟೀವಿಯ ಮೇಲೆಲ್ಲ ತೋಳು ಚಾಚಿ ಮಲಗಿದ್ದವು. ಸೋಮವಾರಕ್ಕೆ ಕೊಡಬೇಕಿತ್ತು.

"ರೀ, ಸುಮ್ನೆ ಹೋಗಿ ಆ ಸಾಹೇಬ್ರನ್ನ ಒಂದ್ಮಾತು ಕೇಳ್ಬಾರ್ದಾ?"

"ಕೇಳೋದು ಓದಕ್ಕೆ ಬರದೇ ಇರೋರ ಕೆಲ್ಸ. ನಾನು ಓದ್ತೀನಿ ಕಣೇ!"

ನಿಯಮದ ಪುಸ್ತಕ ತಂದು ಓದಿದೆ. ವಾಸದ ವಲಯದಲ್ಲಿ ವ್ಯಾಪಾರಕ್ಕೆ ಅವಕಾಶವಿಲ್ಲ. ಅನುಬಂಧ ನಾಲ್ಕರಲ್ಲಿ ಹೇಳಿದ್ದನ್ನು ಹೊರತುಪಡಿಸಿ. ಅನುಬಂಧ ನಾಲ್ಕು ತೆರೆದರೆ, ಅದು ಅನುಬಂಧ ಏಳಕ್ಕೆ ಒಳಪಟ್ಟಿರುತ್ತದೆ. ಅಷ್ಟರಲ್ಲಿ ನನ್ನ ತಲೆ ಗಿರ್ರೆಂದು ತಿರುಗಿ, ಏಳನ್ನು ತೆರೆಯುವ ಧೈರ್ಯ ಉಳಿಯಲಿಲ್ಲ. ನಿಯಮ ಬೇಡ, ನಕ್ಷೆಯೇ ಸರಿ ಅಂದುಕೊಂಡೆ.

ಯೋಜನಾ ಕಚೇರಿಯವರು ನಮ್ಮ ಬಡಾವಣೆಯ ನಕ್ಷೆ ಕೊಟ್ಟು, ಪಕ್ಕದಂಗಡಿಯಲ್ಲಿ ಝೆರಾಕ್ಸ್ ಮಾಡಿಸಿಕೊಂಡು ಹಿಂದಿರುಗಿಸಿ ಅಂದರು. ಅಂಗಡಿಯವನು ಕೈ ಚಾಚಿದ. "ಸರ್ಕಾರಿ ಕಾಗದ ಕಣಯ್ಯಾ, ನಾನೇ ಇಡ್ತೀನಿ" ಎಂದು ತೋಳು ಮಡಚಿ ನಾನೇ ಯಂತ್ರದ ಗಾಜಿನ ಮೇಲೆ ಇಟ್ಟೆ. ಮನೆಗೆ ಬಂದು ಝೆರಾಕ್ಸ್ ಬಿಡಿಸಿ ಭೂತಗನ್ನಡಿ ಹಿಡಿದರೆ, ಅಯ್ಯೋ! ಎರಡು ವಲಯಗಳನ್ನು ಬೇರ್ಪಡಿಸುವ ಕಪ್ಪು ಗೆರೆಯೊಂದು ನಮ್ಮ ಮನೆಯ ನಡುವೆಯೇ ಡೊಂಕುಡೊಂಕಾಗಿ ಹಾದುಹೋಗಿತ್ತು.

"ಸಿಕ್ತು! ಮುಂದಿನ ಕೋಣೆ ವಾಸದ ವಲಯ, ಅಡುಗೆಮನೆ ವಾಣಿಜ್ಯ ವಲಯ. ಮಿಷನ್ನು ಅಡುಗೆಮನೆಗೆ, ಒಲೆ ಮುಂದಿನ ಕೋಣೆಗೆ!"

"ನಿಮ್ಗೆ ತಲೆ ಸರಿಯಿದ್ಯಾ?"

"ನಕ್ಷೆಗಿಂತ ನಿನ್ ಮಾತು ದೊಡ್ದಾ?"

ಅವಳು ಎದ್ದು ಮಿಷನ್ನಿನ ಮೇಲಿದ್ದ ಬಟ್ಟೆ ಎತ್ತಿಟ್ಟಳು. ಹನ್ನೊಂದು ವರ್ಷದ ಕೆಲಸ ಎಲ್ಲಿ ಕೈತಪ್ಪುತ್ತದೋ ಎಂಬ ಭಯಕ್ಕೆ ನನ್ನಂಥವನ ಮಾತನ್ನೂ ಕೇಳಿದಳು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಶುಕ್ರವಾರ ಇಡೀ ದಿನ ಸಾಗಾಟ. ಮಿಷನ್ನು ಪಾತ್ರೆ ತೊಳೆಯುವ ಜಾಗದ ಪಕ್ಕ ಕೂತಿತು. ಮೂರು ಅಂಗಿಗಳಿಗೆ ಎಣ್ಣೆ ಕಲೆ, ಒಂದು ಚಡ್ಡಿ ಹಿಟ್ಟಿನ ಡಬ್ಬಿಯಲ್ಲಿ! ಶನಿವಾರ ಮಧ್ಯಾಹ್ನ, ಬೀದಿಗೆ ಬಾಗಿಲು ತೆರೆದ ಕೋಣೆಯಲ್ಲಿ ಅವಳು ಈರುಳ್ಳಿ ಹುರಿಯುತ್ತಿದ್ದಳು. ಲಾರಿ ಡ್ರೈವರ್ ಒಬ್ಬ ನೇರ ಒಳಗೆ ಬಂದು ಕುರ್ಚಿ ಎಳೆದುಕೊಂಡ.

"ಅಣ್ಣಾ, ಒಂದು ಊಟ. ಬೇಗ!"

ಇದು ಮನೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಧಿಕಾರಿಗಳೂ ಬಾಗಿಲಲ್ಲಿ ನಿಂತಿದ್ದರು. ಒಲೆ ನೋಡಿದರು, ಡ್ರೈವರನ್ನು ನೋಡಿದರು, ಏನೋ ಬರೆದುಕೊಂಡರು.

"ಟೈಲರಿಂಗ್ ಅಂತ ಹೇಳಿದ್ರಲ್ಲಾ?"

ನಾನು ಗತ್ತಿನಿಂದ ಝೆರಾಕ್ಸ್ ಬಿಡಿಸಿ, ಗೆರೆ ತೋರಿಸಿ, ವಾಸವನ್ನೂ ವಾಣಿಜ್ಯವನ್ನೂ ವಿವರಿಸಿದೆ. ಅಧಿಕಾರಿಗಳು ಗೊಂದಲಗೊಂಡು ತಮ್ಮ ಚೀಲದಿಂದ ಮೂಲ ನಕ್ಷೆ ತೆಗೆದರು. ಅದರಲ್ಲಿ ಗೆರೆಯೇ ಇಲ್ಲ! ಇಡೀ ಬೀದಿ ವಾಸದ ವಲಯ. ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಬಂದು ಝೆರಾಕ್ಸ್ ಮೇಲೆ ಬಗ್ಗಿದಳು.

"ರೀ, ಗೆರೆಗೆ ಯಾರಾದ್ರೂ ಗಂಟು ಹಾಕ್ತಾರಾ?"

ನೋಡಿದೆ. ಗೆರೆಯ ತುದಿಯಲ್ಲಿ ಪುಟ್ಟ ಗಂಟು. ನಮ್ಮ ಮನೆಯ ನೂಲು! ನನ್ನ ತೋಳಿಗೆ ಅಂಟಿಕೊಂಡು ಹೋಗಿ, ಗಾಜಿನ ಮೇಲೆ ಬಿದ್ದು, ನಕ್ಷೆಯ ಜೊತೆಗೇ ಅಚ್ಚಾಗಿತ್ತು.

ಅಧಿಕಾರಿಗಳು ನಗು ತಡೆದುಕೊಂಡು ಅವಳತ್ತ ತಿರುಗಿದರು. "ಅನುಬಂಧ ಏಳು ಓದಿದ್ರೆ ಸಾಕಿತ್ತು ಅಮ್ಮಾ. ಮನೆಯವರೇ ಹೊಲಿಯೋದಾದ್ರೆ, ಒಂದೇ ಕೋಣೆಯಲ್ಲಾದ್ರೆ, ಯಾರ ಅಪ್ಪಣೆಯೂ ಬೇಡ. ಮಿಷನ್ನು ಮೊದಲಿದ್ದ ಜಾಗದಲ್ಲೇ ಹಾಕ್ಕೊಳ್ಳಿ."

ಅವಳು ಅಲ್ಲೇ ಕುರ್ಚಿಯ ಮೇಲೆ ಕುಸಿದು ಕಣ್ಣೊರೆಸಿಕೊಂಡಳು. ಅಧಿಕಾರಿಗಳು ನನ್ನತ್ತ ನೋಡಿದರು. "ಈ ಹೋಟೆಲ್ ಮಾತ್ರ ಇವತ್ತೇ ಮುಚ್ಚಬೇಕು ಸ್ವಾಮಿ!"

"ಊಟ ಮುಗೀಲಿ ಸಾರ್" ಎಂದ ಡ್ರೈವರ್.

ಸಮವಸ್ತ್ರಗಳು ಸೋಮವಾರ ಸರಿಯಾಗಿ ಹೋದವು. ಎಣ್ಣೆ ಕಲೆಗಳನ್ನು ಉಜ್ಜಿ ತೆಗೆದವನು ನಾನೇ. ಈಗ ನಾನು ಹೊರಗೆ ಹೊರಟರೆ ಹೆಂಡತಿ ಬಾಗಿಲಲ್ಲಿ ನಿಲ್ಲಿಸಿ, ಹೆಗಲು, ತೋಳು, ಬೆನ್ನು ಎಲ್ಲ ಬ್ರಷ್‌ನಿಂದ ಒರೆಸಿಯೇ ಕಳಿಸುತ್ತಾಳೆ. ನೋಡಿದವರು, ಈ ವಯಸ್ಸಲ್ಲೂ ಎಷ್ಟು ಪ್ರೀತಿ ಅನ್ನುತ್ತಾರೆ. ನಾನು ತುಟಿ ಬಿಚ್ಚುವುದಿಲ್ಲ!