ಹುಳ ಮುಟ್ಟದ ಅವರೆ

ಹೊಲ್ದಲ್ಲಿ ಹುಳ ಇಲ್ಲ ಅಂತ ಎದೆ ಬಡ್ಕೊಂಡ ಗಂಡ್ಸು ಹೊಳೆನರಸೀಪುರದ ಸೀಮೇಲೆಲ್ಲ ನಂಜಪ್ಪ ಒಬ್ನೇ.

ಅವ್ನು ಹೊಲದ ಅವರೆ ಹೂವಿಗೂ ಬೇಲಿ ಮೇಲಿನ ಕಾಡವರೆ ಹೂವಿಗೂ ಕೈಯಾರೆ ಲಗ್ನ ಮಾಡ್ಸಿದ್ದ. ತನ್ನ ಲಗ್ನದಲ್ಲೂ ಅಷ್ಟು ನಿಗಾ ಇಟ್ಟೋನಲ್ಲ. ಹುಟ್ಟಿದ ಗಿಡಗಳಲ್ಲಿ ಹುಳ ಬಿದ್ದಿದ್ನೆಲ್ಲ ವರ್ಸಾ ವರ್ಸಾ ಕಿತ್ತು ದನಕ್ಕಾಕಿ, ಕೊನೆಗೆ ಉಳಿದಿದ್ದು ಹೊಲದ ಮೂಲೇಲಿ ಒಂದೇ ಗಿಡ. ಮಿಕ್ಕ ಸಾಲೆಲ್ಲ ಮಾಮೂಲಿ ಅವರೆ. ಕಾಯಿ ಕೊರಿಯೋ ಹುಳ ಅದನ್ನ ಕಂಡ್ರೆ, ಜಗಳಗಂಟಿ ಅತ್ತೆ ಕಂಡ ಸೊಸೆ ಹಂಗೆ ಬಾಗ್ಲಲ್ಲೇ ಹಿಂದಕ್ಕೆ ತಿರುಗೋದು. ಕಾಯಿ ಒಣಗಿ ಬೀಜ ಆದ್ರೆ 'ನಂಜಪ್ಪನ ಅವರೆ' ಅಂತಲೇ ಹೆಸ್ರಿಡ್ತೀನಿ ಅಂದಿದ್ರು ಹಾಸನದ ಬೀಜದ ಸಾಹೇಬ್ರು ಕೀರ್ತಿರಾಜ್. ಮಕ್ಕಳಿಲ್ಲದ ನಂಜಪ್ಪಂಗೆ ಹೆಸ್ರು ಉಳಿಯಾಕೆ ಇದ್ದಿದ್ದು ಅದೊಂದೇ ದಾರಿ.

ಅವತ್ತು ಸಾಹೇಬ್ರು ಗಿಡ ನೋಡಾಕೆ ಬರೋ ದಿನ. ಬೆಳಿಗ್ಗೆ ಹೊಲಕ್ಕೋದ್ರೆ ಪಕ್ಕದ್ಮನೆ ಸುವರ್ಣಮ್ಮ ಸೊಂಟ ನೀವ್ಕತಾ ನಿಂತವ್ಳೆ.

"ನೆಂಟ್ರು ಬರೋ ಹೊತ್ಗೆ ಒಲ ಇಂಗಿದ್ರೆ ಮಾನ ಓಯ್ತದೆ ಕಣ್ ನಂಜಪ್ಪ. ಎಲ್ಲಾ ಸಾಲಿನ್ ಉಳಾನೂ ಆಯ್ದು ಕೋಳಿಗಾಕ್ಬುಟ್ಟೆ!"

"ಅಯ್ಯೋ ಅಕ್ಕಯ್ಯ, ಕೊಂದ್ಬುಟ್ಟಲ್ಲ! ಬ್ಯಾರೆ ಗಿಡದಲ್ಲಿ ಉಳ ಇದ್ರೆ ತಾನೇ, ಆ ಮೂಲೆ ಗಿಡದಲ್ಲಿ ಇಲ್ಲ ಅಂತ ತೋರ್ಸದು?"

"ಉಪಕಾರ ಮಾಡಿದ್ರೂ ಬೈತೀಯಲ್ಲೋ!"

ನಂಜಪ್ಪ ಡಬ್ಬಿ ಹಿಡ್ದು ಊರೆಲ್ಲ ಹುಳದ ಭಿಕ್ಷಕ್ಕೆ ಹೊರಟ.

"ತಗಂಡೋಗು ಮಾರಾಯ," ಅಂದ ಕೆಳಗಿನ ಬೀದಿ ರುದ್ರಯ್ಯ, ನಂಜಪ್ಪನ್ನ ತನ್ನ ಹೊಲಕ್ಕೇ ಬಿಟ್ಕೊಂಡು. "ಔಸ್ದಿ ಒಡ್ದೊಡ್ದು ನಾನೇ ಸಾಯಂಗಾದೆ, ಅವು ಸಾಯ್ನಿಲ್ಲ. ಅಲ್ಲಾ, ನಿನ್ನೆಂಡ್ತಿ ಕಾಮಾಕ್ಷಮ್ಮ ಇವತ್ತು ಯಾತರ ಸಾರು ಮಾಡ್ತವ್ಳೆ?"

ನಂಜಪ್ಪ ಹುಳ ತಂದು ಎಲ್ಲಾ ಸಾಲಿಗೂ ಬಿಟ್ಟ. ತನ್ನ ಗಿಡದ ಮೇಲೂ ಒಂದು ಹಿಡಿ ಸುರ್ದ. ಸಾಹೇಬ್ರ ಜೀಪು ಬರೋ ಹೊತ್ಗೆ ಹುಳಗಳು ಬೀಗರೂಟಕ್ಕೆ ಬಂದೋರ ಹಂಗೆ ಸಾಲೆಲ್ಲ ಮೇಯ್ತಿದ್ವು. ಮೂಲೆ ಗಿಡದಲ್ಲಿ ಮಾತ್ರ ಒಂದೂ ಇಲ್ಲ!

ಸಾಹೇಬ್ರು ಟೋಪಿ ತೆಗೆದು ಆ ಗಿಡದ ಮುಂದೆ ದೇವ್ರ ಮುಂದೆ ನಿಂತಂಗೆ ನಿಂತ್ರು. "ಈ ಕಾಯಿ ಒಣಗ್ಲಿ ನಂಜಪ್ಪನವರೇ, ನಾನೇ ಬಂದು ಬೀಜ ತಗೊಂಡೋಗ್ತೀನಿ."

ನಂಜಪ್ಪಂಗೆ ಕಣ್ಣು ತುಂಬ್ಕಂತು. ಸಾಹೇಬ್ರನ್ನ ತೆಂಗಿನ ತೋಟಕ್ಕೆ ಕರ್ಕೊಂಡೋಗಿ, ಎಳನೀರು ಕುಡ್ಸಿ, ಅಲ್ಲಿಂದ ಮನೆಗೆ ಊಟಕ್ಕೆ ಕರ್ಕೊಂಡ್ಬಂದ.

ಹೆಂಡ್ತಿ ಕಾಮಾಕ್ಷಮ್ಮ ಮುದ್ದೆ ಇಕ್ಕಿ, ಬಿಸಿ ಬಿಸಿ ಅವರೆಕಾಳು ಸಾರು ಬಿಟ್ಲು. ಸಾಹೇಬ್ರು ಮುದ್ದೆ ಮೇಲೆ ಮುದ್ದೆ ನುಂಗಿ ತಟ್ಟೆ ನೆಕ್ಕಿದ್ರು.

"ಇಂಥ ಕಾಳು ಹುಟ್ಟಿದಾಗಿಂದ ತಿಂದಿಲ್ಲಮ್ಮ. ಒಂದರಲ್ಲೂ ಹುಳುಕಿಲ್ಲ!"

"ನಂಗೇನ್ ಗೊತ್ತು ಸಾ, ಕಾಯಿ ತಂದ್ಕೊಟ್ಟಿದ್ದು ಸುವರ್ಣಕ್ಕ," ಅಂದ್ಲು ಕಾಮಾಕ್ಷಮ್ಮ.

ಬಾಗ್ಲಲ್ಲಿ ಕೂತಿದ್ದ ಸುವರ್ಣಮ್ಮ ಸೆರಗು ಸರಿ ಮಾಡ್ಕೊಂಡ್ಲು. "ಬೆಳಿಗ್ಗೆ ಇವ್ನ್ ಮನಸ್ಸು ನೋಯ್ಸ್ಬುಟ್ಟೆ ಅಂತ ತಡೀನಾರ್ದೆ, ನೀವು ತೋಟಕ್ಕೋದಾಗ ಒಲಕ್ಕೋದೆ ಸಾ. ಒಲದ ತುಂಬಾ ಉಳ ಬಿಟ್ಕಂಡವ್ನೆ! ನೆಂಟ್ರಿಗೆ ಉಳುಕು ಕಾಳು ಇಕ್ಕಾಕಾಯ್ತದಾ? ಮೂಲೆ ಗಿಡದಲ್ಲಿ ಉಳ ಇಲ್ಲ ಅಂತ ಇವ್ನೇ ಯೋಳಿದ್ನಲ್ಲ. ಬುಡ ಸಮೇತ ಕಿತ್ಕಬಂದೆ."

"ಗಿಡ... ಎಲ್ಲಕ್ಕಯ್ಯ?"

"ಕಾಯಿ ಬಿಡ್ಸಿ ಗಿಡಾನ ದನಕ್ಕಾಕ್ದೆ. ಅದೂ ಚೆಂದಾಗಿ ತಿನ್ತು."

ನಂಜಪ್ಪ ಸಾಹೇಬ್ರ ಹೊಟ್ಟೇನೇ ನೋಡ್ತಾ ಕೂತ.

ಆಗ ಸಾಹೇಬ್ರಿಗೆ ತಡ್ಕಳಾಕಾಗ್ದೆ ಒಂದು ದೊಡ್ಡ ತೇಗು ಬಂತು.

ನಂಜಪ್ಪನ ಹೆಸ್ರು ಉಳಿದಿದ್ದು ಅಷ್ಟೇ.