ನೀರು ಸಮಿತಿಯ ಹರಕತ್ತು

ಮನೆಯಲ್ಲಿ ಪ್ರಿಂಟರ್ ಇಟ್ಟುಕೊಳ್ಳಬಾರದು. ಇಟ್ಟುಕೊಂಡರೂ ಅದು ಕೆಲಸ ಮಾಡುತ್ತದೆಂದು ನೆರೆಹೊರೆಯವರಿಗೆ ಹೇಳಬಾರದು. ನಾನು ಎರಡೂ ತಪ್ಪು ಮಾಡಿದೆ. ಅದರ ಫಲವಾಗಿ, ಮರಾಠಿ ನಾಡಿನ ಧನಕವಡಿಯಿಂದಾಚೆ ಗುಡ್ಡದ ಮಗ್ಗುಲಲ್ಲಿರುವ ನಮ್ಮ ಕಾಲೊನಿಯ ನೀರು ಸಮಿತಿಗೆ ಕಾರ್ಯದರ್ಶಿಯಾದೆ. ನನ್ನ ಹೆಸರು ಸೂಚಿಸಿದವರು ನನ್ನ ಪ್ರಾಮಾಣಿಕತೆಯನ್ನಾಗಲಿ ಬುದ್ಧಿಯನ್ನಾಗಲಿ ಹೊಗಳಲಿಲ್ಲ. "ಇವರ ಮನೆಯಲ್ಲಿ ಪ್ರಿಂಟರ್ ಇದೆ" ಎಂದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಭೋಸರಿಯ ಕಾರ್ಖಾನೆಯೊಂದರಲ್ಲಿ ಬೋಲ್ಟುಗಳ ಅಳತೆ ನೋಡುತ್ತ ತಲೆ ನರೆಸಿಕೊಂಡ ನನಗೆ ನೀರಿನ ಬಗ್ಗೆ ಗೊತ್ತಿದ್ದುದು ಇಷ್ಟೇ: ನಳ ತಿರುಗಿಸಿದರೆ ಬರುತ್ತದೆ, ಬರದಿದ್ದರೆ ಹೆಂಡತಿ ಬೈಯುತ್ತಾಳೆ.

ನಗರದ ನೀರಿನ ಪೈಪು ನಮ್ಮ ಗುಡ್ಡ ಹತ್ತುವ ಉತ್ಸಾಹವನ್ನು ಇನ್ನೂ ತೋರಿಸಿಲ್ಲ. ಹಾಗಾಗಿ ಒಂದು ಬಾವಿ, ಒಂದು ಪಂಪು, ಒಂದು ಟಾಕಿ, ನೂರಿಪ್ಪತ್ತು ಮನೆ. ಇದೇ ನಮ್ಮ ಸಮಿತಿಯ ಸಾಮ್ರಾಜ್ಯ. ಇದನ್ನು ನಿಜವಾಗಿ ಆಳುವವನು ಸಿದ್ರಾಮಪ್ಪ. ಕಲಬುರಗಿ ಕಡೆಯವನು. ಕೊಂಢವಾದಲ್ಲಿ ಕಟ್ಟಡದ ಕೆಲಸಕ್ಕೆಂದು ಬಂದವನು, ನಮ್ಮ ಕಾಲೊನಿಯ ಪೈಪು ಹೂಳಲು ಕರೆದಾಗ ಬಂದು, ಹೂಳಿ, ಆಮೇಲೆ ಅದರ ವಾಲ್ವು ತಿರುಗಿಸಲು ಇಲ್ಲೇ ಉಳಿದುಬಿಟ್ಟ. ವಾಲ್ವಿನ ಕೀಲಿ ಸದಾ ಅವನ ಕೈಯಲ್ಲೇ ಇರುವುದರಿಂದ ಎಲ್ಲರೂ ಅವನನ್ನು ಚಾವಿವಾಲಾ ಎನ್ನುತ್ತಾರೆ. ಯಾವ ಮನೆಗೆ ಎಷ್ಟು ಹೊತ್ತಿಗೆ ನೀರು ಬೇಕು, ಯಾವ ಅಜ್ಜಿ ಟಾಕಿ ತುಂಬಿದ ಮೇಲೂ ನಳ ಬಂದ್ ಮಾಡುವುದಿಲ್ಲ, ಎಲ್ಲವೂ ಅವನಿಗೆ ಬಾಯಿಪಾಠ. ಓದಿದ್ದು ನಾಲ್ಕನೆಯ ಇಯತ್ತೆ.

ನಾನು ಕಾರ್ಯದರ್ಶಿಯಾದ ಮೂರನೆಯ ವಾರ ಸರಕಾರದಿಂದ ದಪ್ಪನೆಯ ಲಕೋಟೆ ಬಂತು. ರಾಜ್ಯದಲ್ಲಿ ಕುಡಿಯುವ ನೀರು ಪೂರೈಸುವ ಎಲ್ಲ ಸಂಸ್ಥೆಗಳಿಗೂ ಹೊಸ ನಿಯಮ ಬರಲಿದೆ, ಇದು ಅದರ ಕರಡು, ನಿಮ್ಮ 'ಹರಕತಿ ವ ಸೂಚನಾ' ಕಳಿಸಿ ಎಂದಿತ್ತು. ಮರಾಠಿಯಲ್ಲಿ ಹರಕತಿ ಎಂದರೆ ಆಕ್ಷೇಪಣೆ. ನನ್ನ ಹೆಂಡತಿ ಸುನಂದಾ ವಿಜಯಪುರದವಳು. ಅವಳಿಗೆ ಹರಕತ್ತು ಎಂದರೆ ಕಿತಾಪತಿ. ಹೆಗಲ ಮೇಲಿಂದ ಬಗ್ಗಿ ಓದಿ, "ನೀವು ಮಾಡೋ ಹರಕತ್ತೆಲ್ಲಾ ಬರದು ಕಳಸ್ರಿ ಅಂತ ಸರಕಾರನ ಕೇಳ್ಯದೇನ್ರಿ? ಹಂಗಾದ್ರ ಕಾಗದ ಭಾಳ ಬೇಕಾಗ್ತದ," ಎಂದಳು.

ಕರಡು ಓದುತ್ತಾ ಹೋದಂತೆ ನನ್ನ ನಗು ನಿಂತಿತು. ಪ್ರತಿ ಸಂಸ್ಥೆಗೂ ಒಬ್ಬ ಮುಖ್ಯ ಇಂಜಿನಿಯರ್ ಇರಬೇಕಂತೆ. ಹಗಲೂ ರಾತ್ರಿ ನಡೆಯುವ ನಿಯಂತ್ರಣ ಕೊಠಡಿ ಬೇಕಂತೆ. ನಮ್ಮಲ್ಲಿದ್ದುದು ಪಂಪಿನ ಶೆಡ್ಡು. ಅದರಲ್ಲಿ ಒಬ್ಬ ಮನುಷ್ಯ ಕೂತರೆ ಪಂಪು ಹೊರಗೆ ಬರಬೇಕು. ಇದೆಲ್ಲ ಮಾಡಲಾಗದವರು ಬಾಗಿಲು ಹಾಕಿ, ಟ್ಯಾಂಕರ್ ತರಿಸಿಕೊಳ್ಳಬಹುದು. ಕೊನೆಯ ಪುಟದಲ್ಲಿ ಇನ್ನೊಂದು ಸಾಲು: ವಾಲ್ವು ಮುಟ್ಟುವವರು ಹತ್ತನೆಯ ಇಯತ್ತೆ ಪಾಸಾಗಿರಬೇಕು.

ಮರುದಿನ ಸಿದ್ರಾಮಪ್ಪ ತಾನಾಗಿ ಬಂದ. ಸುದ್ದಿಯೂ ಅವನ ನೀರಿನಂತೆಯೇ ಎಲ್ಲ ಓಣಿಗೂ ಮುಟ್ಟಿತ್ತು. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತು ಕೇಳಿದ: "ನನಗ ತೆಗೀತಾರೇನ್ರಿ ಸರ?"

"ಯಾರ ತೆಗೀತಾರ? ನಾ ಇದ್ದೀನಲ್ಲ!" ಎಂದೆ. ಹೀಗೆ ಎದೆ ತಟ್ಟಿ ಹೇಳುವ ಸಂದರ್ಭ ನನ್ನ ಜೀವನದಲ್ಲಿ ಹೆಚ್ಚು ಬಂದಿರಲಿಲ್ಲ. ಹೇಳಿದ ಕೂಡಲೇ ಒಳಗೆ ಹೋಗಿ ಕೊನೆಯ ಪುಟವನ್ನು ಇನ್ನೊಮ್ಮೆ ಓದಿದೆ.

ಹತ್ತು ದಿನ ಕೂತು ಹನ್ನೊಂದು ಪುಟದ ಆಕ್ಷೇಪಣೆ ಬರೆದೆ. ಮಾರುಕಟ್ಟೆಯ ಮರಾಠಿ ನನಗೆ ನೀರು ಕುಡಿದಷ್ಟು ಸುಲಭ. ಆದರೆ ಸರಕಾರಕ್ಕೆ ಬರೆಯುವಾಗ ಗಂಭೀರವಾಗಿರಲಿ ಎಂದು, ಗೊತ್ತಿಲ್ಲದ ಕಡೆಯೆಲ್ಲ ಕನ್ನಡದಲ್ಲಿರುವ ಸಂಸ್ಕೃತ ಪದಗಳನ್ನೇ ಧಾರಾಳವಾಗಿ ಸುರಿದೆ. ಸಂಸ್ಕೃತ ಎಲ್ಲರಿಗೂ ಒಂದೇ ಅಲ್ಲವೇ ಎಂಬ ಧೈರ್ಯ.

ಕರಡಿನ ಮೇಲೆ ಸರಕಾರ ಕರೆದಿದ್ದ ಸಾರ್ವಜನಿಕ ಅಹವಾಲಿನ ದಿನ ಸಿದ್ರಾಮಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಸ್ಕೂಟರಿನ ಹಿಂದೆ ಕೂತ. ಸಭಾಂಗಣದಲ್ಲಿ ದೊಡ್ಡ ದೊಡ್ಡ ಊರುಗಳ ನೀರಿನ ಸಂಸ್ಥೆಯವರು ವಕೀಲರ ಸಮೇತ ಬಂದಿದ್ದರು. ವೇದಿಕೆಯ ಮೇಲೆ ಮುಖ್ಯ ಅಧಿಕಾರಿ. ಕನ್ನಡಕದ ಮೇಲಿಂದ ನೋಡುವ ಹಿರಿಯ ಹೆಂಗಸು. ನಮ್ಮ ಸರದಿ ಬಂದಾಗ ಊಟದ ಸಮಯ ಹತ್ತಿರವಾಗಿತ್ತು. "ಎರಡು ನಿಮಿಷ," ಎಂದರು.

ಹನ್ನೊಂದು ಪುಟ, ಎರಡು ನಿಮಿಷ. ನಾನು ಗಾಬರಿಯಾಗಿ ನೇರ ಕೊನೆಯ ಪುಟಕ್ಕೆ ಹಾರಿದೆ. ಬಡ ಚಾವಿವಾಲಾನ ಕೆಲಸ ಹೋಗುವುದಕ್ಕೆ ನಮಗೆ ಬಹಳ ದುಃಖವಾಗಿದೆ ಎಂದು ವಿನಯದಿಂದ ಹೇಳುವ ವಾಕ್ಯ ಅಲ್ಲಿತ್ತು. ಕೈ ಮುಗಿದು, ಕಣ್ಣು ತುಂಬಿಕೊಂಡು, ಸಮಿತಿಯ ಪರವಾಗಿ 'ತೀವ್ರ ಸಂತಾಪ' ವ್ಯಕ್ತಪಡಿಸಿದೆ. ಮುಂದಿನ ಸಾಲಿನವರೆಲ್ಲ ತಿರುಗಿ ನನ್ನನ್ನೇ ನೋಡಿದರು. ಮರಾಠಿಯಲ್ಲಿ ಸಂತಾಪ ಎಂದರೆ ಕಡುಕೋಪವೆಂದು ಪಕ್ಕದ ವಕೀಲರು ಆಮೇಲೆ ತಿಳಿಸಿದರು. ಅಧಿಕಾರಿ ಕನ್ನಡಕ ತೆಗೆದು, "ನೀವು ಸಿಟ್ಟಾಗಬೇಡಿ, ಮೊದಲು ಕೂತುಕೊಳ್ಳಿ," ಎಂದರು. ಕೂತೆ. ನಮ್ಮ ನೂರಿಪ್ಪತ್ತು ಮನೆಗಳ ಹೋರಾಟ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಸಿದ್ರಾಮಪ್ಪ ಎದ್ದು ನಿಂತಿದ್ದ. ಅರ್ಧ ಮರಾಠಿ, ಅರ್ಧ ನಮ್ಮ ಮಾತು. "ಮ್ಯಾಡಮ್, ಸರ ಭಾಳ ಚಲೋ ಮನುಷ್ಯಾರ. ಚಾವಿ ತಿರುವಾಂವ ನಾನ."

ಅಧಿಕಾರಿಗೆ ಕುತೂಹಲವಾಯಿತು. "ನಿಯಂತ್ರಣ ಕೊಠಡಿ ಇಲ್ಲದೆ ಪೈಪು ಒಡೆದದ್ದು ನಿನಗೆ ಹೇಗೆ ಗೊತ್ತಾಗುತ್ತದೆ?"

"ಕಬ್ಬಿಣದ ಸಳಿ ಪೈಪಿಗಿ ಹಚ್ಚಿ ಕಿವಿ ಇಡ್ತೀನ್ರಿ. ಒಡದಿದ್ರ ಸುಯ್ ಅಂತದ. ಇಲ್ಲಂದ್ರ ಸುಮ್ನ ಇರ್ತದ."

"ನೀರು ಶುದ್ಧವಿದೆ ಅಂತ?"

ಸಿದ್ರಾಮಪ್ಪ ಅಂಗಿಯ ಕಿಸೆಯಿಂದ ಒಂದು ಪುಟ್ಟ ಸೀಸೆ ತೆಗೆದ. ಕ್ಲೋರಿನ್ ಪರೀಕ್ಷೆಯ ಔಷಧ. ಎರಡು ಹನಿ ಹಾಕಿದಾಗ ನೀರು ಹಳದಿಯಾದರೆ ಕ್ಲೋರಿನ್ ಇದೆ ಎಂದು ಲೆಕ್ಕ. ಬೆಳಿಗ್ಗೆ ನಮ್ಮ ಟಾಕಿಯಿಂದ ತುಂಬಿಕೊಂಡಿದ್ದ ಬಾಟಲಿಯ ನೀರಿಗೆ ಹಾಕಿ ತೋರಿಸಿದ. ತಿಳಿ ಹಳದಿ. ಸಭೆ 'ಓಹೋ' ಎಂದಿತು. ಆ ಉತ್ಸಾಹದಲ್ಲಿ ಅವನು ವೇದಿಕೆಗೆ ಹೋಗಿ, ಯಾರೂ ತಡೆಯುವ ಮೊದಲೇ, ಅಧಿಕಾರಿಯ ಮುಂದಿದ್ದ ಗ್ಲಾಸಿಗೂ ಎರಡು ಹನಿ ಹಾಕಿಬಿಟ್ಟ. ನೀರು ಎಳ್ಳಷ್ಟೂ ಬಣ್ಣ ಬದಲಿಸಲಿಲ್ಲ.

"ಮ್ಯಾಡಮ್, ಇದನ್ನ ಕುಡೀಬ್ಯಾಡ್ರಿ," ಎಂದ, ಮನೆಯವರಿಗೆ ಹೇಳುವಷ್ಟು ಕಾಳಜಿಯಿಂದ.

ಗುಮಾಸ್ತರೊಬ್ಬರು ಓಡಿ ಬಂದು, ಅದು ಫಿಲ್ಟರ್ ನೀರು, ಅದರಲ್ಲಿ ಕ್ಲೋರಿನ್ ಉಳಿಯುವುದಿಲ್ಲ ಎಂದು ಸಮಜಾಯಿಷಿ ಕೊಟ್ಟರು. ಯಾರೂ ಕೇಳಿಸಿಕೊಳ್ಳಲಿಲ್ಲ, ಸಭೆಯೆಲ್ಲ ನಗುತ್ತಿತ್ತು. ಅಧಿಕಾರಿಯೂ ನಕ್ಕರು, ಆದರೆ ಗ್ಲಾಸನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ್ದನ್ನು ನಾನು ನೋಡಿದೆ. ಎರಡು ನಿಮಿಷ ಅರ್ಧ ಗಂಟೆಯಾಯಿತು. ಊಟ ತಡವಾಯಿತು. ಅವರು ಕೇಳುತ್ತಾ ಹೋದರು, ಅವನು ಹೇಳುತ್ತಾ ಹೋದ, ಪಕ್ಕದಲ್ಲಿದ್ದವರೊಬ್ಬರು ಬರೆದುಕೊಳ್ಳುತ್ತಾ ಹೋದರು.

ಕೆಲವು ತಿಂಗಳಾದ ಮೇಲೆ ಅಂತಿಮ ನಿಯಮ ಬಂತು. ಸಣ್ಣ ಸಂಸ್ಥೆಗಳಿಗೆ ಮುಖ್ಯ ಇಂಜಿನಿಯರೂ ಬೇಡ, ನಿಯಂತ್ರಣ ಕೊಠಡಿಯೂ ಬೇಡ. ವರ್ಷಾನುಗಟ್ಟಲೆ ಕೆಲಸ ಮಾಡಿದ ಚಾವಿವಾಲಾಗಳು ಹತ್ತನೆಯ ಇಯತ್ತೆಯ ಬದಲು ಒಂದು ಪ್ರಾಯೋಗಿಕ ಪರೀಕ್ಷೆ ಕೊಟ್ಟರೆ ಸಾಕು. ಸಿದ್ರಾಮಪ್ಪನಿಗೆ ಓದಿ ಹೇಳಿದಾಗ ಅವನು ಸೀದಾ ಹೊರಗೆ ಹೋಗಿ, ಹೊತ್ತಲ್ಲದ ಹೊತ್ತಿನಲ್ಲಿ ಇಡೀ ಕಾಲೊನಿಗೆ ನೀರು ಬಿಟ್ಟ. ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸಾದ. ಅವನ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಪಂಪಿನ ಶೆಡ್ಡಿನಲ್ಲಿ ತೂಗುಹಾಕಿದ್ದೇವೆ.

ಆದರೆ ನಿಯಮದ ಒಳಪುಟದಲ್ಲಿ ಇನ್ನೊಂದು ಕಲಮು ಸೇರಿಕೊಂಡಿತ್ತು: ಸಣ್ಣ ಸಂಸ್ಥೆಯ ಕಾರ್ಯದರ್ಶಿಯೂ ಅದೇ ಪ್ರಾಯೋಗಿಕ ಪರೀಕ್ಷೆ ಪಾಸಾಗಬೇಕು. ನಾನು ಫೇಲಾದೆ. ಮತ್ತೆ ಕೂರಬೇಕು. ಅದಕ್ಕೇ ಈಗ ಪ್ರತಿ ಭಾನುವಾರ ಬೆಳಿಗ್ಗೆ ಸಿದ್ರಾಮಪ್ಪ ನನಗೆ ಪಾಠ ಹೇಳುತ್ತಾನೆ. ಮೊನ್ನೆ ರಸ್ತೆಯ ಮೇಲೆ ಮಂಡಿಯೂರಿ, ಸಳಿಗೆ ಕಿವಿ ಹಚ್ಚಿ, ಉಸಿರು ಬಿಗಿಹಿಡಿದಿದ್ದೆ. ಗುಳುಗುಳು ಎಂಬ ಶಬ್ದ ಸ್ಪಷ್ಟವಾಗಿ ಕೇಳಿಸಿತು. "ಸಿಕ್ತು! ಇಲ್ಲೇ ಒಡದದ!" ಎಂದು ಕೂಗಿದೆ. ಸಿದ್ರಾಮಪ್ಪ ಬಗ್ಗಿ, ಸ್ವಲ್ಪ ಹೊತ್ತು ಕೇಳಿಸಿಕೊಂಡು, ಸಂಕೋಚದಿಂದ ಹೇಳಿದ:

"ಅದು ಪೈಪ್ ಅಲ್ರಿ ಸರ, ನಿಮ್ಮ ಹೊಟ್ಟಿ. ನಾಷ್ಟಾ ಮಾಡ್ಕೊಂಡು ಬರ್ರಿ."