ಹಲ್ಲು ನೋಡಿ ತಂದ ಯುಪಿಎಸ್

ನಮ್ಮ ವಿಜಯಪುರದ ಕರೆಂಟಿಗೆ ಶೇಂಗಾ ಚಟ್ನಿ ಎಂದರೆ ಪ್ರಾಣ. ಈ ಬೇಸಿಗೆಯೊಂದರಲ್ಲೇ ಅದು ನಮ್ಮ ಮನೆಯಲ್ಲಿ ಒಂದು ಲಾರಿ ಶೇಂಗಾ ಚಟ್ನಿ, ಅರ್ಧ ಲಾರಿ ಗುರೆಳ್ಳು ಚಟ್ನಿ ತಿಂದು, ಬಾಯಿ ಚಪ್ಪರಿಸಲು ಅಗಸಿ ಚಟ್ನಿಯನ್ನೂ ನೆಕ್ಕಿದೆ. (ನಾನು ತಿಂದದ್ದು ಇದರಲ್ಲಿ ಸೇರಿಲ್ಲ.)

ಸಿದ್ಧೇಶ್ವರ ಗುಡಿಯ ಹತ್ತಿರದ ನಮ್ಮ ಓಣಿಯ ಮಹಿಳಾ ಮಂಡಳದವರು ಅಡುಗೆ ಪುಸ್ತಕ ತರುವವರಿದ್ದಾರೆ. ನನ್ನ ಹೆಂಡತಿ ಮುರಿಗೆವ್ವ ಚಟ್ನಿಗಳನ್ನು ಹೇಳುವುದು, ನಾನು ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡುವುದು. ಬಸವ ಜಯಂತಿಯೊಳಗೆ ಪ್ರೆಸ್ಸಿಗೆ ಮುಟ್ಟದಿದ್ದರೆ ಆ ಪುಟಗಳಲ್ಲಿ ಎದುರುಮನೆ ಭೀಮಾಬಾಯಿಯ ಉಪ್ಪಿನಕಾಯಿ ಬರುತ್ತದೆ. ಆಮೇಲೆ ಈ ಮನೆಯಲ್ಲಿ ನನ್ನ ಗತಿ ಏನಾದೀತೆಂದು ಊಹಿಸುವ ಧೈರ್ಯ ನನಗಿಲ್ಲ.

‘ಸೇವ್’ ಒತ್ತಬಾರದೇ ಎನ್ನುತ್ತೀರಿ. ಮುರಿಗೆವ್ವ ಬಳ್ಳೊಳ್ಳಿಯಿಂದ ಹುಣಸೆಹಣ್ಣಿನ ತನಕ ಉಸಿರು ತೆಗೆದುಕೊಳ್ಳುವವಳಲ್ಲ. ನನ್ನ ಬೆರಳು ಆಚೆ ಸರಿದರೆ ಜೀರಿಗೆ ತಪ್ಪಿಹೋಗುತ್ತದೆ. ಅಷ್ಟರಲ್ಲಿ ಪರದೆ ಕಪ್ಪಾಗುತ್ತದೆ.

“ಹೋತೇನ್ರಿ?”

“ಹೋತು.”

“ಉಪ್ಪಿನ ತನಕ ಬಂದಿತ್ತಲ್ರಿ.”

“ಉಪ್ಪೂ ಹೋತು.”

ಕರೆಂಟ್ ಬರುವವರೆಗೆ ಮೆಹಬೂಬನ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ದಣಿವಾರಿಸಿಕೊಳ್ಳುತ್ತೇನೆ. ತಿರುಗಿ ಬಂದು ಮತ್ತೆ ಮೊದಲಿನಿಂದ ಶೇಂಗಾ ಹುರಿಯುತ್ತೇನೆ. ಒಂದೇ ಶೇಂಗಾವನ್ನು ಮನುಷ್ಯ ಎಷ್ಟು ಸಲ ಹುರಿದಾನು? ಬೇಸತ್ತು ಒಂದು ದಿನ ನಾನೇ ಅಂದೆ: “ಒಂದು ಯುಪಿಎಸ್ ತಂದ್ರ ಹೆಂಗ? ಕರೆಂಟ್ ಹೋದ್ರೂ ಬ್ಯಾಟರಿ ಮ್ಯಾಲೆ ಕಂಪ್ಯೂಟರ್ ನಡೀತೈತಿ.” (ಈ ಮಾತು ನನ್ನ ಬಾಯಿಂದಲೇ ಹೊರಟಿತೆಂಬುದನ್ನು ದಯವಿಟ್ಟು ನೆನಪಿಡಿ.)

ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ವಾಟ್, ವಿಎ, ವೋಲ್ಟ್ ಎಂಬ ತ್ರಿಮೂರ್ತಿಗಳನ್ನು ಧ್ಯಾನಿಸಿದೆ. ಕಡೆಗೆ ಕರೆಂಟ್ ಹೋದದ್ದು ನನ್ನ ತಲೆಯಲ್ಲಿ.

“ನೀವು ಒಬ್ರ ಹೋಗಬ್ಯಾಡ್ರಿ,” ಎಂದಳು ಮುರಿಗೆವ್ವ. “ನೀವು ಆರಿಸಿ ತಂದ ಕಲ್ಲಂಗಡಿ ಇನ್ನೂ ನೆನಪೈತಿ ನನಗ. ನಮ್ಮ ತಮ್ಮನ್ನ ಕರಕೊಂಡ ಹೋಗ್ರಿ.”

ಅವಳ ತಮ್ಮ ಖಂಡಪ್ಪ ಜೈನಾಪುರದಲ್ಲಿ ಎತ್ತಿನ ದಲ್ಲಾಳಿ. ಅವನು ದೂರದಲ್ಲಿ ಕೆಮ್ಮಿದರೆ ಸಾಕು, ಎತ್ತುಗಳು ತಾವಾಗಿಯೇ ಬಾಯಿ ತೆರೆದು ಹಲ್ಲು ತೋರಿಸುತ್ತವೆಂದು ಬಬಲೇಶ್ವರದ ತನಕ ಹೆಸರು.

ಸೊಲ್ಲಾಪುರ ರಸ್ತೆಯ ಅಂಗಡಿಯಲ್ಲಿ ಚೇತನಕುಮಾರನೆಂಬ ಹುಡುಗನಂಥ ಮಾಲೀಕ ಕೇಳಿದ: “ಎಷ್ಟು ವಿಎದ್ದು ಬೇಕ್ರಿ ಕಾಕಾ?”

ನಾನು ತ್ರಿಮೂರ್ತಿಗಳನ್ನು ನೆನೆದು ಬಾಯಿ ತೆರೆಯುವಷ್ಟರಲ್ಲಿ ಖಂಡಪ್ಪ ನಡುವೆ ಬಂದ. “ಅದು ಇರಲಿ. ಹಲ್ಲು ಎಷ್ಟು?”

“ಯಾರ ಹಲ್ಲರಿ?”

“ಇದರದೋ ತಮ್ಮಾ. ವಯಸ್ಸು ಎಷ್ಟು ಆಗೇತಿ?”

ಚೇತನಕುಮಾರನ ಅಪ್ಪ ತಿಕೋಟಾದ ಒಕ್ಕಲಿಗನಂತೆ. ಹುಡುಗನಿಗೆ ಥಟ್ಟನೆ ಅರ್ಥವಾಯಿತು. ಪೆಟ್ಟಿಗೆ ಬಿಚ್ಚಿ ಬ್ಯಾಟರಿಯ ಮೇಲಿನ ತಾರೀಖು ತೋರಿಸಿದ.

“ಮುದಿ ಆಗೇತಿ. ಆ ಕಡಿ ಕಟ್ಟು,” ಎಂದ ಖಂಡಪ್ಪ. “ಪ್ರಾಯದವು ತಗಿ. ಹೂಡಿ ತೋರಸು.”

ಹೂಡಿದರು. ಅಂಗಡಿಯ ಕಂಪ್ಯೂಟರನ್ನು ಹಿಂದೆ ಕಟ್ಟಿ, ಗೋಡೆಯ ಸ್ವಿಚ್ ಆರಿಸಿದರು. ಮೊದಲನೆಯದು ಅಲ್ಲೇ ಮಂಡಿಯೂರಿತು. ಎರಡನೆಯದು ನಾಲ್ಕು ಹೆಜ್ಜೆ ನಡೆದಂತೆ ಮಾಡಿ ಮಲಗಿತು. ಮೂರನೆಯದು ಆಗೊಮ್ಮೆ ಈಗೊಮ್ಮೆ ‘ಕುಂಯ್’ ಎನ್ನುತ್ತ, ನಾವು ಚಹಾ ತರಿಸಿ ಕುಡಿದು ಮುಗಿಸಿದರೂ ಎಳೆಯುತ್ತಲೇ ಇತ್ತು. ಖಂಡಪ್ಪ ಅದರ ಬೆನ್ನು ತಟ್ಟಿದ.

ನನ್ನ ವಿದ್ಯೆಗೆ ಬೆಲೆಯಿಲ್ಲದ್ದಕ್ಕೆ ನನಗೆ ಉರಿದಿತ್ತು. “ಒಂಟಿ ಎತ್ತು ಯಾರು ತಗೋತಾರೋ ಖಂಡಪ್ಪ? ಜೋಡಿ ಬ್ಯಾಡೇನು?” ಎಂದು ಕುಟುಕಿದೆ.

ಅವನು ನಗಲಿಲ್ಲ. ನನ್ನನ್ನು ಹೆಗಲಿನಿಂದ ಕಾಲಿನ ತನಕ ಒಮ್ಮೆ ನಿಧಾನವಾಗಿ ನೋಡಿದ. “ಸಾಕ್ರಿ ಮಾಮಾ. ಒಂದ ಸಾಕು.”

ಆಮೇಲೆ ಎತ್ತಿನ ಸಂತೆಯ ಪದ್ಧತಿಯಂತೆ ಚೇತನಕುಮಾರನ ಕೈಮೇಲೆ ಟವೆಲ್ ಹಾಸಿ, ಒಳಗೆ ಬೆರಳು ಹಿಡಿದೇ ಬೆಲೆ ಹೇಳುತ್ತ ವ್ಯಾಪಾರಕ್ಕಿಳಿದ. ಒಮ್ಮೆ ಚೇತನಕುಮಾರ “ಯಪ್ಪಾ” ಎಂದ. ಮುರಿದದ್ದು ಬೆಲೆಯೋ ಬೆರಳೋ ನನಗೆ ಇವತ್ತಿಗೂ ಗೊತ್ತಿಲ್ಲ. ದುಡ್ಡು ಕೊಟ್ಟವನು ಮಾತ್ರ ನಾನು.

ಮನೆಯ ಬಾಗಿಲಲ್ಲಿ ಮುರಿಗೆವ್ವ ನೀರು ತುಂಬಿದ ಚರಿಗೆ ಹಿಡಿದು ನಿಂತಿದ್ದಳು. ತಮ್ಮ ಕೊಡಿಸಿದ್ದೆಂದ ಮೇಲೆ ಹೊಸ ಎತ್ತಿಗೆ ಮಾಡಿದಂತೆ ಕಾಲಿಗೆ ನೀರು ಹಾಕಿಯೇ ಒಳಗೆ ಕರೆಯಬೇಕಂತೆ. ಯುಪಿಎಸ್ಸಿಗೆ ಕಾಲಿಲ್ಲವೆಂದು ತಿಳಿಸಿ ಹೇಳುವುದರೊಳಗೆ ಆ ಚರಿಗೆ ನನ್ನ ಕಾಲ ಮೇಲೆಯೇ ಬರಿದಾಯಿತು.

ಮಧ್ಯಾಹ್ನ ಚಟ್ನಿ ಸುರುವಾಯಿತು. ಶೇಂಗಾ ಹುರಿದು, ಖಾರ ಬೆರೆಸಿ, ಉಪ್ಪಿಗೆ ಬಂದಾಗ ಕರೆಂಟ್ ಹೋಯಿತು. ಫ್ಯಾನು ನಿಂತಿತು. ರೂಢಿಯಂತೆ ನಾನೂ ಎದ್ದು ಒಂದು ಕಾಲಿಗೆ ಚಪ್ಪಲಿ ಮೆಟ್ಟಿದೆ.

“ಎಲ್ಲಿಗ್ರಿ?”

“ಕರೆಂಟ್ ಹೋತಲ್ಲ.”

“ಫ್ಯಾನಿಂದು ಹೋಗೇತಿ. ಕಂಪ್ಯೂಟರಿಂದು ಎಲ್ಲಿ ಹೋಗೇತಿ? ಕೂಡ್ರಿ. ಉಪ್ಪು ಬರಕೋರಿ.”

ಪರದೆ ಬೆಳಗುತ್ತಿತ್ತು. ಒಂದು ಕಾಳು ಶೇಂಗಾ ಕೂಡ ಹೋಗಿರಲಿಲ್ಲ. ಹೋದದ್ದು ಮೆಹಬೂಬನ ಬೆಂಚು. ಕರೆಂಟಿನವರು ನನಗೆ ದಯಪಾಲಿಸಿದ್ದ ವಿಶ್ರಾಂತಿಯನ್ನು ನಾನೇ ಹಲ್ಲು ನೋಡಿ, ದುಡ್ಡು ಕೊಟ್ಟು ಕಳೆದುಕೊಂಡಿದ್ದೆ. ಚಪ್ಪಲಿ ಕಳಚಿ ಕುಳಿತೆ. ಬೆವರು ಕೀಲಿಮಣೆಯ ಮೇಲೆ ತೊಟ್ಟಿಕ್ಕಿತು.

“ಭಾಳ ಬೆವರಾಕತ್ತಾರಲ್ಲೋ ತಮ್ಮಾ,” ಎಂದಳು ಮುರಿಗೆವ್ವ, ಕೊಂಚ ಕನಿಕರದಿಂದ.

ಮೂಲೆಯಲ್ಲಿ ಮಜ್ಜಿಗೆ ಕುಡಿಯುತ್ತ ಕುಳಿತಿದ್ದ ಖಂಡಪ್ಪ ಮೊದಲು ಪೆಟ್ಟಿಗೆಯನ್ನು ನೋಡಿದ, ಆಮೇಲೆ ನನ್ನನ್ನು.

“ಬೆವರಲಿ ಬಿಡಕ್ಕಾ. ಜೋಡಿ ಛಲೋ ಕೂಡೇತಿ.”

ಪೆಟ್ಟಿಗೆ ‘ಕುಂಯ್’ ಎಂದಿತು. ನಾನು ಅಷ್ಟೂ ಅನ್ನದೆ ಜೀರಿಗೆ ಬರೆದುಕೊಂಡೆ.